ಡಾಕ್ಟರಿಗೆ ಪಾವಿಯಾ ಹೇಳಿದ್ದು

ದಿನಕ್ಕೆಷ್ಟು ಲೋಟ ಕಾಫಿ ಎಂದು ಕೇಳುತ್ತೀರಿ.
ಬರೆದುಕೊಳ್ಳಿ: ನಾಲ್ಕು. ಸಕ್ಕರೆ ಇದ್ದರೆ ಐದು.
ತಂಬಾಕು, ಹಡಗು ಬಂದ ತಿಂಗಳು ಉಂಟು,
ಬಾರದ ತಿಂಗಳು ಕೊಳವೆಯ ವಾಸನೆ ಮಾತ್ರ.
ತಾಯಿಯ ಕಡೆ ಹುಚ್ಚರು? ಚಿಕ್ಕಮ್ಮ ಸಿಕೆರ್ಸೊಕ್
ಸತ್ತ ಗಂಡನಿಗೆ ವರ್ಷಕ್ಕೊಂದು ಜೊತೆ ಕೈಗವಸು
ಹೊಲಿದಿಡುತ್ತಿದ್ದಳು. ಹುಚ್ಚೋ, ಲೆಕ್ಕ ತಪ್ಪಿದ್ದೋ,
ನೀವೇ ಹೇಳಬೇಕು.

ಗ್ರೀನ್‌ಲ್ಯಾಂಡಿಗೆ ಹೊಸಬರು ನೀವು. ಮೊದಲು ಇದನ್ನು ಬರೆಯಿರಿ:
ಅವತ್ತು ಗಾಳಿಯಿರಲಿಲ್ಲ.

ಊಮ್ಮನ್ನಾಕ್ ಕೊಲ್ಲಿ. ಸೂರ್ಯ ಎದುರಿಗೆ, ತಗ್ಗಿನಲ್ಲಿ.
ಸೀಲ್ ಮುಳುಗಿದ ಜಾಗ ನೋಡುತ್ತ ಕೂತಿದ್ದೆ.
ಮಡಿಲಲ್ಲಿ ಹುಟ್ಟು, ಬಲಕ್ಕೆ ಈಟಿ,
ಬೆನ್ನ ಹಿಂದೆ ಉಸಿರು ತುಂಬಿದ ತೊಗಲಚೀಲ.
ಅಲ್ಲಾಡಕೂಡದು, ಅಲ್ಲಾಡಿದರೆ ಊಟವಿಲ್ಲ.
ನಮ್ಮ ಕಸುಬೇ ಹಾಗೆ:
ಅರ್ಧ ಕೊಲ್ಲುವುದು, ಅರ್ಧ ಕಲ್ಲಾಗುವುದು.

ನೀರು ಎಣ್ಣೆಯಾಯಿತು.
ನೀರ್ಗಲ್ಲೊಂದು ನಿಂತಿತ್ತು, ಅದರ ಕೆಳಗೆ ಅದೇ
ತಲೆಕೆಳಗಾಗಿ ನಿಂತಿತ್ತು,
ಯಾವುದು ಯಾವುದರ ನೆರಳೆಂದು
ಎರಡಕ್ಕೂ ಮರೆತಂತಿತ್ತು.
ಕಡಲಿಗೂ ಬಾನಿಗೂ ನಡುವಿನ ಹೊಲಿಗೆ
ಹುಡುಕಿದೆ, ಸಿಗಲಿಲ್ಲ.

ಮೊದಲು ಹೋದದ್ದು ಕಯಾಕಿನ ಮೂತಿ.
ಉದ್ದವಾಯಿತು, ಸೂಜಿಯಾಯಿತು,
ದೂರದ ಇನ್ಯಾರದೋ ಸೂಜಿ.
ಆಮೇಲೆ ಕಾಲು. ತಣ್ಣಗಿನದೇನೋ
ಹಿಮ್ಮಡಿಯಿಂದ ಏರಿ ತೊಡೆಗೆ ಬಂತು.
ದೋಣಿಗೆ ನೀರು ನುಗ್ಗುತ್ತಿದೆ ಎಂದುಕೊಂಡೆ.
ನೋಡಬೇಕೆಂದರೆ ಕತ್ತು ತಿರುಗಬೇಕು,
ಕತ್ತು ತಿರುಗಬೇಕೆಂದರೆ ಅದು ನನ್ನದಾಗಿರಬೇಕು.

ಮೈಮರೆತೆಯಾ ಎಂದಿರಿ.
ಮೈ ನನಗೆ ಚೆನ್ನಾಗಿ ನೆನಪಿತ್ತು, ಡಾಕ್ಟರೇ.
ಮೈಯೇ ನನ್ನನ್ನು ಮರೆತದ್ದು.
ನಿದ್ದೆಯೆನ್ನೋಣವೆಂದರೆ, ನಿದ್ದೆಯಲ್ಲಿ ಒಬ್ಬ ಇರುತ್ತಾನೆ,
ಓಡುತ್ತಾನೆ, ಬೀಳುತ್ತಾನೆ, ಉಚ್ಚೆ ಹುಯ್ಯಲು ಜಾಗ ಹುಡುಕುತ್ತಾನೆ.
ಇಲ್ಲಿ ಯಾರೂ ಇರಲಿಲ್ಲ. ಆದರೂ
ಎಲ್ಲ ಕಾಣುತ್ತಿತ್ತು,
ಮನೆಮಂದಿಯೆಲ್ಲ ಹೊರಗೆ ಹೋಗಿ
ದೀಪವೊಂದೇ ಉರಿಯುತ್ತಿರುವ ಹಾಗೆ.

ಹೆದರಿಕೆ? ಇತ್ತು.
ಕೊಲ್ಲಿಯ ತುಂಬ ಮಂಜು ಹರಡುವಂತೆ ಹರಡಿತ್ತು,
ಯಾರ ಹೆಸರಿಗೂ ಬರೆಯದ ಹೆದರಿಕೆ.
ನಂಗಿಯಾರ್ನೆಕ್ ಎನ್ನುತ್ತೇವೆ ನಾವು.
ಬಲ್ಲವರು ಅದರ ಹೆಸರೆತ್ತುವುದಿಲ್ಲ.
ಹಾಗೆ ಹೋದವರ ಕಯಾಕು ಬೋರಲಾಗಿ ಸಿಗುತ್ತದೆ,
ಒಂದೂ ಅಲೆಯೇಳದ ದಿನ.

ಆಗ ಕಚ್ಚಿತು.
ಎಡಗಂಕುಳಲ್ಲಿ, ಅಂಗಿಯ ಮಡಿಕೆಯೊಳಗೆ,
ಒಂದು ಹೇನು.

ನಗಬೇಡಿ.
ಮೊದಲು ತುರಿಕೆ ಮಾತ್ರ ಇತ್ತು.
ತುರಿಕೆಯ ಸುತ್ತ ಕಂಕುಳು ಬಂತು,
ಕಂಕುಳಿಗೆ ತೋಳು, ತೋಳಿಗೆ ಹೆಗಲು,
ಹೆಗಲ ಮೇಲೆ ಈ ದರಿದ್ರ ತಲೆ,
ತಲೆಯೊಳಗೆ ಎಲ್ಲಕ್ಕಿಂತ ಕೊನೆಗೆ,
ಊಟ ಮುಗಿದ ಮೇಲೆ ಬಂದ ನೆಂಟನಂತೆ,
ಪಾವಿಯಾ.

ಮಣ್ಣಿನಿಂದ ಮನುಷ್ಯನನ್ನು ಮಾಡಿದ್ದೆಂದು ಪಾದ್ರಿ ಹೇಳುತ್ತಾರೆ.
ಅವರವರ ಅನುಭವ.

ಕೈಯೆತ್ತಿ ತುರಿಸಿಕೊಂಡೆ. ದೋಣಿ ಅಲ್ಲಾಡಿತು.
ಉಂಗುರವೊಂದು ಎದ್ದು ಹೋಗಿ
ನೀರ್ಗಲ್ಲ ನೆರಳನ್ನು ಮುರಿಯಿತು.
ಮೇಲು ಮೇಲಾಯಿತು, ಕೆಳಗು ಕೆಳಗಾಯಿತು.
ತೊಡೆ ಮುಟ್ಟಿ ನೋಡಿದೆ: ಒಣಗಿತ್ತು.
ಅಷ್ಟು ದೂರದಲ್ಲಿ ಸೀಲ್ ತಲೆಯೆತ್ತಿ,
ನನ್ನನ್ನು ನೋಡಿ, ಹೋಯಿತು.

ಅವತ್ತಿನಿಂದ ಒಬ್ಬನೇ ಹೋಗಿಲ್ಲ.
ದಡದಲ್ಲಿ ಹೆಂಗಸರ ಜೊತೆ ಮೀನು ಹಿಡಿಯುತ್ತೇನೆ.
ಅರ್ನಾರುಲುಕ್ ಏನೂ ಅನ್ನುವುದಿಲ್ಲ.
ಈಟಿಗೆ ಎಣ್ಣೆ ಸವರಿ ಒಳಗಿಡುತ್ತಾಳೆ,
ಮತ್ತೆ ತೆಗೆದು ಸವರುತ್ತಾಳೆ.

ನಿನ್ನೆ ನಿಮ್ಮ ದಾದಿ ಊರಿನ ತಲೆಗಳಿಗೆಲ್ಲ
ಬಿಳಿ ಪುಡಿ ಹಾಕಿದಳು, ಅಂಗಿಗಳನ್ನು ಕುದಿಸಿದಳು.
ಒಳ್ಳೆಯದೇ. ಮಕ್ಕಳು ನಿದ್ದೆ ಮಾಡಿದರು.
ನಾನು ಇರುಳೆಲ್ಲ ಕಂಕುಳು ಮುಟ್ಟಿಕೊಳ್ಳುತ್ತಿದ್ದೆ.

ಇನ್ನೊಂದುಂಟು, ಅದನ್ನು ಬರೆಯಬೇಡಿ.
ಗಾಳಿ ಬಿದ್ದ ದಿನ ಕೆಲವು ಸಲ
ಬಂಡೆಯ ತುದಿಗೆ ಹೋಗಿ ನಿಲ್ಲುತ್ತೇನೆ,
ದೀಪವೊಂದೇ ಉರಿಯುತ್ತಿದ್ದ ಆ ಮನೆಯನ್ನು
ಕಿಟಕಿಯಿಂದಾದರೂ ಇಣುಕಿ ನೋಡಲು.
ಕಾಲು ನಡುಗುತ್ತದೆ. ಆದರೂ ನಿಲ್ಲುತ್ತೇನೆ.

ನಿಮ್ಮ ಕಾಫಿ ಆರುತ್ತಿದೆ.